ಬೇಳೆ ಬೇಯುವ ನೀರು

ಎಲ್ಲರಿಗೂ ನಮಸ್ಕಾರ. ಹೋದ ವಾರ ನಿಮ್ಮ ವಿಭಾಗದ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದ್ದಳು. "ಮೇಡಂ, ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನದಲ್ಲಿ ಮಾನವಶಾಸ್ತ್ರ ಓದಿದವರಿಗೆ ಏನು ಕೆಲಸ? ಎಂಜಿನಿಯರು, ಅರ್ಥಶಾಸ್ತ್ರದವರು ಇದ್ದರೆ ಸಾಕಲ್ಲವಾ?" ಎಂದು ಕೇಳಿದಳು. ಅವಳು ಇಲ್ಲೇ ಎಲ್ಲೋ ಕೂತಿದ್ದಾಳೆ. ಇವತ್ತಿನ ಮಾತು ಮುಖ್ಯವಾಗಿ ಅವಳಿಗೆ.

ನನ್ನ ಪಿಎಚ್‌ಡಿಗಾಗಿ ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹದಿನಾಲ್ಕು ತಿಂಗಳು ಇದ್ದೆ. ವಿಷಯ ನೆಂಟಸ್ತಿಕೆ. ಯಾರ ಮನೆಯಿಂದ ಹೆಣ್ಣು ತರುತ್ತಾರೆ, ಯಾರ ಮನೆಗೆ ಕೊಡುತ್ತಾರೆ, ಮುನಿಸು ಬಂದರೆ ಏನಾಗುತ್ತದೆ, ಇಷ್ಟೇ. ನೀರಿನ ಬಗ್ಗೆ ಬರೆಯುವ ಯೋಚನೆ ಇರಲಿಲ್ಲ. ಆದರೆ ನಾನಿದ್ದ ಮನೆಯ ಅಜ್ಜಿ ಅಡುಗೆಮನೆಯಲ್ಲಿ ಬಿಂದಿಗೆಗಳನ್ನು ಬೇರೆ ಬೇರೆ ಇಡುತ್ತಿದ್ದರು. ಬೋರಿನ ನೀರು ಪಾತ್ರೆಗೆ, ಬಟ್ಟೆಗೆ, ದನಕ್ಕೆ. ಅಡುಗೆಗೆ ಮಾತ್ರ ನೆಂಟರ ತೋಟದ ಬಾವಿಯಿಂದ ಹೊತ್ತು ತರಬೇಕು. ಒಂದು ದಿನ ನಾನು ತಿಳಿಯದೆ ಬೋರಿನ ನೀರನ್ನು ಒಲೆ ಮೇಲಿನ ಮಡಕೆಗೆ ಸುರಿದುಬಿಟ್ಟೆ. "ಈ ನೀರಾಗೆ ಬ್ಯಾಳೆ ಬೇಯಲ್ಲ ಕಣಮ್ಮ" ಎಂದರು ಅಜ್ಜಿ. ಸಂಜೆಯವರೆಗೂ ಸೌದೆ ಉರಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಉಳಿದಿತ್ತು. ಅದು ಗಡಸು ನೀರು, ಅದರಲ್ಲಿ ಬೇಳೆ ಮೆತ್ತಗಾಗುವುದಿಲ್ಲ. ಮುಂದೆ ಒಂದು ಮದುವೆ ಮಾತು ಮುರಿದುಬಿದ್ದು ಆ ನೆಂಟರ ಜೊತೆ ಮಾತು ನಿಂತಾಗ, ಈ ಮನೆಯ ಸೊಸೆ ಅಡುಗೆ ನೀರಿಗೆ ಪಕ್ಕದ ಊರಿನ ಬಾವಿಗೆ ನಡೆಯಬೇಕಾಯಿತು. ನನ್ನ ಪ್ರಬಂಧದಲ್ಲಿ ಇದಕ್ಕೆ ಸಿಕ್ಕಿದ್ದು ಅರ್ಧ ಪುಟ.

ಹನ್ನೊಂದು ವರ್ಷ ಪಾಠ ಮಾಡಿದೆ. ಆ ಕೆಲಸವನ್ನು ನಾನು ಪ್ರೀತಿಸುತ್ತಿದ್ದೆ, ಬೇಸತ್ತು ಬಿಟ್ಟವಳಲ್ಲ. ಒಮ್ಮೆ ಅದೇ ಹಳ್ಳಿಗೆ ಹೋದಾಗ ಹೊಸದಾಗಿ ಕಟ್ಟಿದ ನೀರಿನ ಟ್ಯಾಂಕು ಕಂಡಿತು. ಅದಕ್ಕೆ ತುಂಬಿಸುತ್ತಿದ್ದದ್ದು ಅದೇ ಗಡಸು ನೀರು. ಯೋಜನೆ ಯಶಸ್ವಿಯಾಗಿದೆ ಎಂದು ವರದಿಯೂ ಆಗಿತ್ತಂತೆ. "ಯಾರಾದರೂ ಬಂದು ಕೇಳಿದ್ರಾ ಅಜ್ಜಿ?" ಎಂದೆ. "ಜೀಪಲ್ಲಿ ಬಂದಿದ್ರು. ನೀರು ಬರ್ತೈತಾ ಅಂದ್ರು. ಬರ್ತೈತೆ ಅಂದೆ" ಎಂದರು. ಜೀಪಿನಲ್ಲಿ ಬಂದವರು ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಅದೊಂದೇ ಪ್ರಶ್ನೆ ಇತ್ತು. ಆ ಜೀಪಿನಲ್ಲಿ ನಾನೂ ಇರಬೇಕಿತ್ತು ಅನ್ನಿಸಿತು. ಎರಡು ವರ್ಷದ ನಂತರ ವಿಶ್ವವಿದ್ಯಾಲಯ ಬಿಟ್ಟು ಮೌಲ್ಯಮಾಪನದ ಕೆಲಸಕ್ಕೆ ಇಳಿದೆ.

ಈ ದಾರಿಯಲ್ಲಿ ನನಗಿಂತ ಮೊದಲು ನಡೆದವರಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರನ್ನು ನೀವು ತಿಳಿದಿರಲೇಬೇಕು. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಯಹೂದಿ ಹೆಣ್ಣುಮಗಳು. ಮ್ಯಾಂಚೆಸ್ಟರಿನಲ್ಲಿ ಓದಿ, 1954ರಲ್ಲಿ ನಮ್ಮ ಮಂಡ್ಯಕ್ಕೆ ಬಂದರು. ಎರಡು ಹಳ್ಳಿಗಳನ್ನು ಆರಿಸಿಕೊಂಡು ವಂಗಲ, ದಳೇನ ಎಂದು ಮರೆಹೆಸರು ಕೊಟ್ಟರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಳೇನ ಎತ್ತರದಲ್ಲಿದ್ದರಿಂದ ಅದರ ಹೊಲಗಳಿಗೆ ನೀರು ಹತ್ತಲಿಲ್ಲ. ನೀರಾವರಿಯಿಂದ ಏನು ಬದಲಾಯಿತು ಎಂದು ನೋಡುವವರು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತಾರೆ? ವಂಗಲಕ್ಕೆ. ಅಲ್ಲಿ ಕಬ್ಬು ಬಂದಿದೆ, ದುಡ್ಡು ಬಂದಿದೆ. ಆದರೆ ಎಪ್‌ಸ್ಟೀನ್ ಕಂಡದ್ದು ಬೇರೆ. ವಂಗಲದವರು ಮೊದಲಿನಂತೆ ಬೇಸಾಯಗಾರರಾಗಿಯೇ ಉಳಿದರು, ಊರಿನ ಹಳೆಯ ಕಟ್ಟುಗಳೂ ಬಹುಮಟ್ಟಿಗೆ ಹಾಗೇ ಉಳಿದವು. ಸುತ್ತಲಿನ ನೀರಾವರಿಯಿಂದ ಹುಟ್ಟಿದ ಕೆಲಸಗಳನ್ನು ಹುಡುಕಿಕೊಂಡು ಹೊರಗೆ ಹೊರಟವರು ಒಣಭೂಮಿಯ ದಳೇನದವರು. ಮಂಡ್ಯದ ಪೇಟೆ, ಕಾರ್ಖಾನೆ, ಗಾಡಿ ಬಾಡಿಗೆ, ಎಲ್ಲದರಲ್ಲೂ ಅವರಿದ್ದರು. ಅದರ ಜೊತೆಗೆ ಊರೊಳಗಿನ ಸಂಬಂಧಗಳೂ ಅಲುಗಾಡಿದವು. ನಾಲೆ ಹೆಚ್ಚು ಬದಲಾಯಿಸಿದ್ದು ನಾಲೆಯ ನೀರು ಮುಟ್ಟದ ಊರನ್ನು!

ಇವತ್ತಿನ ಯಾವ ನೀರಾವರಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲೂ ದಳೇನದಂಥ ಊರು ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಊರಿಗೂ ಹೋಗಿ ಕೂರುವ ಅಭ್ಯಾಸ ಮಾನವಶಾಸ್ತ್ರದ್ದು. ಎಪ್‌ಸ್ಟೀನ್ 1970ರಲ್ಲಿ ಮತ್ತೆ ಆ ಊರುಗಳಿಗೆ ಬಂದರು. ಆಮೇಲೆ ಸಸೆಕ್ಸ್‌ನಲ್ಲಿದ್ದು ಅಭಿವೃದ್ಧಿಯ ಕೆಲಸಕ್ಕೇ ತೊಡಗಿಕೊಂಡರು, 2014ರಲ್ಲಿ ತೀರಿಕೊಂಡರು.

ಮೌಲ್ಯಮಾಪನ ಎಂದರೆ ವಿದೇಶದಿಂದ ಬಂದ ವಿದ್ಯೆ ಎಂದುಕೊಳ್ಳಬೇಡಿ. 1952ರ ಅಕ್ಟೋಬರಿನಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗಲೇ ನಮ್ಮ ದೇಶದಲ್ಲಿ ಅದನ್ನು ಅಳೆಯಲು ಪ್ರತ್ಯೇಕ ಸಂಸ್ಥೆ ಕಟ್ಟಿದ್ದರು. ಎಸ್. ಸಿ. ದುಬೆಯವರಂಥ ಮಾನವಶಾಸ್ತ್ರಜ್ಞರು ಆ ಕಾರ್ಯಕ್ರಮವನ್ನು ಹಳ್ಳಿಯೊಳಗಿಂದ ನೋಡಿ ಬರೆದರು. ನಮ್ಮದೇ ರಾಜ್ಯದಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಅಂತರರಾಷ್ಟ್ರೀಯ ಕೆಲಸದಲ್ಲಿ ಹೆಚ್ಚಾಗಿ ಬಳಸುವುದು ಬಹುಮಟ್ಟಿಗೆ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಮಾನದಂಡಗಳನ್ನು: 1991ರಿಂದ ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ ಎಂಬ ಐದು, 2019ರಲ್ಲಿ ಸೇರಿದ ಸುಸಂಬದ್ಧತೆ ಆರನೆಯದು. ಇವನ್ನು ಒಂದು ವಾರದಲ್ಲಿ ಕಲಿಯಬಹುದು. ಕಷ್ಟ ಇರುವುದು ಬೇರೆ ಕಡೆ. ಹದಿನಾಲ್ಕು ತಿಂಗಳು ಕೂತವಳಿಗೆ ಈಗ ಒಂಬತ್ತು ದಿನ ಸಿಗುತ್ತದೆ. ಭಾಷೆ ಬರುವುದಿಲ್ಲ. ಪ್ರಶ್ನೆಗಳನ್ನು ಬೇರೆ ಯಾರೋ ಮೊದಲೇ ಬರೆದಿರುತ್ತಾರೆ.

ನೀರಿನ ಯೋಜನೆಯೊಂದರ ಮೌಲ್ಯಮಾಪನಕ್ಕೆ ಹೋಗಿದ್ದ ಉಗಾಂಡದ ತೆಸೊ ಸೀಮೆಯ ಒಂದು ಹಳ್ಳಿಯ ಬಗ್ಗೆ ಹೇಳುತ್ತೇನೆ. ಅಲ್ಲಿನ ಕೈಪಂಪು ನೋಡಿದ ಕೂಡಲೇ ಊರ ನೆನಪಾಯಿತು. ಅದು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪಿನ ತಮ್ಮ, ಅಲ್ಲಿ ಯು-2 ಎನ್ನುತ್ತಾರೆ. ಮಧ್ಯಾಹ್ನ ಊಟಕ್ಕೆ ಕೊಟ್ಟದ್ದು ರಾಗಿ ಮುದ್ದೆ. ಅವರು ಅಟಪ ಎನ್ನುತ್ತಾರೆ, ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ನಮಗೆ ಬಂದ ಬೆಳೆ. ಹಾಗಾಗಿ ನಾನು ತಿಂದದ್ದು ತವರಿನ ಮುದ್ದೆ ಎಂದೇ ಹೇಳಬೇಕು.

ನಮೂನೆಯ ಪ್ರಕಾರ ಆ ಊರಿನ ಪಂಪು ಕೆಲಸ ಮಾಡುತ್ತಿತ್ತು. ನೀರಿನ ಸಮಿತಿ ಇತ್ತು, ಖಜಾಂಚಿ ಹೆಂಗಸು. ಎಲ್ಲ ಖಾನೆಗೂ ಗುರುತು ಹಾಕಿ ಹೊರಡಬಹುದಿತ್ತು. ಮರುದಿನ ನಸುಕಿನಲ್ಲಿ ದುಭಾಷಿಯಾಗಿದ್ದ ಶಾಲಾ ಮಾಸ್ತರರ ಜೊತೆ ಪಂಪಿನ ಹತ್ತಿರ ಹೋಗಿ ಸುಮ್ಮನೆ ಕೂತೆ. ಅಲ್ಲಿ ನೀರು ಹಿಡಿಯುವುದು ಇಪ್ಪತ್ತು ಲೀಟರಿನ ಹಳದಿ ಪ್ಲಾಸ್ಟಿಕ್ ಕ್ಯಾನಿನಲ್ಲಿ. ಒಬ್ಬಳು ಪಂಪಿನಲ್ಲಿ ಒಂದು ಕ್ಯಾನು ತುಂಬಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಖಾಲಿ ಕ್ಯಾನು ಹಿಡಿದು ತಗ್ಗಿನ ಕಡೆ ಹೋಗಿ, ಅರ್ಧ ಗಂಟೆಯ ಮೇಲೆ ತುಂಬಿಸಿಕೊಂಡು ಬಂದಳು. ಅದರ ಬಾಯಿಗೆ ಎಲೆ ಸುತ್ತಿ ಬಿರಡೆ ಹಾಕಿದ್ದಳು. ಪಂಪಿನ ಕ್ಯಾನಿಗೆ ಬಿರಡೆ ಇರಲಿಲ್ಲ.

ಯಾಕೆ ಎಂದು ನೇರವಾಗಿ ಕೇಳಿದರೆ "ಹಾಗೇ" ಎಂದು ನಕ್ಕಳು. ಆಗ ಚಳ್ಳಕೆರೆಯ ಅಜ್ಜಿಯ ವಿಷಯ ಹೇಳಿದೆ, ಬೇಳೆ ಬೇಯದ ನೀರಿನ ವಿಷಯ. ಮಾಸ್ತರರು ತೆಸೊ ಭಾಷೆಯಲ್ಲಿ ಹೇಳುತ್ತಿದ್ದಂತೆ ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಒಬ್ಬಾಕೆ ಕೈಹಿಡಿದು ಮನೆಗೆ ಕರೆದುಕೊಂಡು ಹೋಗಿ ಪಂಪಿನ ನೀರಲ್ಲೇ ಚಹಾ ಕಾಯಿಸಿ ತೋರಿಸಿದಳು. ಮಸಿ ಕಲಸಿದ ಹಾಗೆ ಕಪ್ಪು. ಹಗ್ಗದ ಮೇಲೆ ಒಣಗಲು ಹಾಕಿದ್ದ ಮಗನ ಶಾಲೆಯ ಬಿಳಿ ಅಂಗಿ ಕಂದು ಹಳದಿಯಾಗಿತ್ತು. ಹುರುಳಿಕಾಯಿ ಕಾಳು ಬೇಯಿಸಿದರೆ ಕಬ್ಬಿಣದ ರುಚಿಯಂತೆ. ಹೀಗಾಗಿ ಚಹಾಕ್ಕೆ, ಅಡುಗೆಗೆ, ಕುಡಿಯಲು ತಗ್ಗಿನ ತೆರೆದ ಹೊಂಡದ ನೀರೇ. ದನ ಇಳಿಯುವ ಹೊಂಡ ಅದು. ಯಾವ ಕಾಯಿಲೆ ತಪ್ಪಿಸಲೆಂದು ಪಂಪು ಹಾಕಿದ್ದರೋ ಆ ಕಾಯಿಲೆಗೆ ಬಾಗಿಲು ತೆರೆದೇ ಇತ್ತು.

ಸಂಜೆ ತಂಡದ ಎಂಜಿನಿಯರಿಗೆ ಹೇಳಿದೆ. ಅವರು ಮರುದಿನ ಬೆಳಿಗ್ಗೆಯೇ ಬಂದು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಎಂಬ ಅಳತೆ, ನೋಡಿದರು. ನೀರು ಆಮ್ಲೀಯವಾಗಿತ್ತು. ಪಿಎಚ್ 6.5ಕ್ಕಿಂತ ಕೆಳಗಿರುವ ಕಡೆ ಸತುವಿನ ಲೇಪವಿರುವ ಕಬ್ಬಿಣದ ಪೈಪು ಇಳಿಸಬಾರದು, ಲೇಪ ಹೋಗಿ ಕಬ್ಬಿಣ ಕರಗುತ್ತದೆ ಎಂದರು. ಸ್ಟೇನ್‌ಲೆಸ್ ಪೈಪು ಹಾಕಿದ್ದರೆ ಈ ಪಾಡು ಇರುತ್ತಿರಲಿಲ್ಲ. ಕಾರಣ ನನಗೆ ಗೊತ್ತಿರಲಿಲ್ಲ, ಕಪ್ಪು ಚಹಾ ಅವರಿಗೆ ಗೊತ್ತಿರಲಿಲ್ಲ. ಎಂಜಿನಿಯರು ಸಾಕಲ್ಲವಾ ಎಂದು ಕೇಳಿದೆಯಲ್ಲಮ್ಮ, ಇಬ್ಬರೂ ಬೇಕು.

ವರದಿ ಬರೆಯುವಾಗ ಜಗಳವಾಯಿತು. ಹಣ ಕೊಟ್ಟ ಸಂಸ್ಥೆಯವರು ಪಿಎಚ್ ಅಂಕಿಗಳನ್ನು ಮುಖ್ಯ ಭಾಗದಲ್ಲಿ ಉಳಿಸಿ, ಹೆಂಗಸರ ಮಾತುಗಳನ್ನೆಲ್ಲ ಅನುಬಂಧಕ್ಕೆ ತಳ್ಳಿದರು. ನಾಲ್ಕು ಸಲ ಪತ್ರ ಬರೆದೆ. ಕೊನೆಗೆ ಒಂದೇ ಒಂದು ಪ್ಯಾರಾ ವಾಪಸ್ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಚಹಾ ಕಾಯಿಸಿ ತೋರಿಸಿದವಳ ಮುಖ ಕಣ್ಣ ಮುಂದೆ ಬರುತ್ತಿತ್ತು.

ಇಂಥದು ನನಗೊಬ್ಬಳಿಗೇ ಆದದ್ದಲ್ಲ. ಡೇವಿಡ್ ಮಾಸ್ ಎಂಬ ಮಾನವಶಾಸ್ತ್ರಜ್ಞರು ಪಶ್ಚಿಮ ಭಾರತದ ಭಿಲ್ಲರ ಸೀಮೆಯಲ್ಲಿ ಬ್ರಿಟಿಷ್ ನೆರವಿನ ಕೃಷಿ ಯೋಜನೆಯೊಂದರಲ್ಲಿ ವರ್ಷಗಟ್ಟಲೆ ಸಲಹೆಗಾರರಾಗಿದ್ದರು. ಒಂದು ಯೋಜನೆಗೆ 'ಯಶಸ್ಸು' ಎಂಬ ಹೆಸರು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು 2005ರಲ್ಲಿ ಪುಸ್ತಕ ಬರೆದರು. ಜೊತೆಗೆ ದುಡಿದವರೇ ಅದಕ್ಕೆ ಆಕ್ಷೇಪ ಎತ್ತಿದರು, ದೂರು ವಿಶ್ವವಿದ್ಯಾಲಯದವರೆಗೂ ಹೋಯಿತು. ನನ್ನ ಅಭಿಪ್ರಾಯದಲ್ಲಿ ಅವರು ಬರೆದದ್ದು ಸರಿ. ಆದರೆ ಆಕ್ಷೇಪ ಎತ್ತಿದವರ ನೋವೂ ಸುಳ್ಳಲ್ಲ. ಹಳ್ಳಿಯವರ ಬಗ್ಗೆ ಬರೆಯುವಾಗ ನಾವು ಅವರನ್ನು ಎಷ್ಟು ಕೇಳಿದ್ದೇವೆ ಎಂದು ಆ ಪ್ರಕರಣ ಓದಿದ ಮೇಲೆ ನನ್ನನ್ನೇ ಕೇಳಿಕೊಂಡೆ. ಚಳ್ಳಕೆರೆಯ ಅಜ್ಜಿಗೆ ನನ್ನ ಪ್ರಬಂಧವನ್ನು ನಾನು ಓದಿ ಹೇಳಿರಲಿಲ್ಲ. ಈಗ ಯಾವ ಊರಿನಿಂದ ಹೊರಡುವ ಮೊದಲೂ, ಕಂಡದ್ದನ್ನು ಅಲ್ಲಿನವರ ಮುಂದೆ ಓದಿಯೇ ಹೊರಡುತ್ತೇನೆ. ಅದಕ್ಕೆ ಒಂದು ದಿನ ಕೊಡದ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ. ಇದರಿಂದ ಕೆಲವು ಕೆಲಸ ಕೈತಪ್ಪಿವೆ.

ಉಗಾಂಡದ ಆ ಯೋಜನೆಯ ಮುಂದಿನ ಹಂತದ ನಮೂನೆಯಲ್ಲಿ ಒಂದು ಸಾಲು ಸೇರಿತು: "ಈ ಪಂಪಿನ ನೀರಿನಲ್ಲಿ ಅಡುಗೆ ಮಾಡುತ್ತೀರಾ? ಇಲ್ಲದಿದ್ದರೆ ಎಲ್ಲಿಂದ ತರುತ್ತೀರಿ?"

ಆ ಸಾಲು ಸೇರುವ ಮೊದಲಿದ್ದ ನಮೂನೆಯನ್ನು, ಸಂಸ್ಥೆಯ ಹೆಸರು ತೆಗೆದು, ಕನ್ನಡಕ್ಕೆ ಮಾಡಿಸಿ ಜೆರಾಕ್ಸ್ ತಂದಿದ್ದೇನೆ. ಹಿಂದಿನ ಬೆಂಚಿನವರೆಗೂ ದಾಟಿಸಿ. ಇಪ್ಪತ್ತಾರು ಪ್ರಶ್ನೆಗಳಿವೆ. ನೀರಿನದು ಈಗ ನಿಮಗೆ ಗೊತ್ತಾಗಿದೆ, ಅದನ್ನು ಬಿಡಿ. ನಿಮ್ಮ ಮನೆಯಲ್ಲಿ ನೀರು ಹಿಡಿಯುವವರನ್ನು ನೆನೆದುಕೊಂಡು, ಇದರಲ್ಲಿ ಇನ್ನೇನು ಕೇಳಿಲ್ಲ ಎಂದು ಗುರುತು ಹಾಕಿ. ಹತ್ತು ನಿಮಿಷ ಕೊಡುತ್ತೇನೆ, ಆಮೇಲೆ ಒಬ್ಬೊಬ್ಬರೇ ಹೇಳಿ.