ಎಚ್‌ಐವಿ ಮಿದುಳಿಗೆ ಏನ್ ಮಾಡುತ್ತೆ? ಜಕ್ಕೂರಿನ ಲ್ಯಾಬ್‌ನಲ್ಲಿ ಸಿಕ್ಕ ಸುಳಿವು

ನಮಸ್ಕಾರ ಎಲ್ರಿಗೂ. ನಮ್ಮ ವೀಕ್ಷಕರೊಬ್ರು ಮೆಸೇಜ್ ಮಾಡಿದ್ರು, "ಅಣ್ಣ, ನಮ್ಮ ಮಾವ ಎಷ್ಟೋ ವರ್ಷದಿಂದ ಎಚ್‌ಐವಿ ಮಾತ್ರೆ ತಗೊಳ್ತಿದಾರೆ, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಕಂಟ್ರೋಲ್‌ನಲ್ಲೇ ಇದೆ, ಆದ್ರೂ ಅಂಗಡಿ ಲೆಕ್ಕ ಹಾಕೋಕೆ ಮೊದಲಿಗಿಂತ ತುಂಬಾ ಹೊತ್ತು ತಗೊಳ್ತಾರೆ, ಇದು ವಯಸ್ಸಾ, ವೈರಸ್ಸಾ?" ಅಂತ. ಈ ಪ್ರಶ್ನೆ ಓದಿದ್ಮೇಲೆ ನನಗೆ ಬೇರೆ ಟಾಪಿಕ್ ತಗೊಳ್ಳೋಕೆ ಮನಸ್ಸೇ ಆಗ್ಲಿಲ್ಲ.

ಎಚ್‌ಐವಿ ಹೆಂಗ್ ಹರಡುತ್ತೆ, ಸಿಡಿ4 (ಎಚ್‌ಐವಿ ಕೊಲ್ಲೋ ರಕ್ಷಣಾ ಕಣ) ಅಂದ್ರೇನು ಇವೆಲ್ಲಾ ನಿಮಗೆ ಗೊತ್ತಿರೋದೇ, ಸೀದಾ ಮಿದುಳಿಗೆ ಹೋಗೋಣ.

ಮಿದುಳಿನ ರಕ್ತನಾಳಗಳ ಗೋಡೆ ತುಂಬಾ ಬಿಗಿ, ಸಿಕ್ಕಸಿಕ್ಕಿದ್ದನ್ನೆಲ್ಲ ಒಳಗೆ ಬಿಡಲ್ಲ. ನಮ್ಮ ಅಪಾರ್ಟ್‌ಮೆಂಟ್ ಗೇಟ್ ಥರ ಅನ್ಕೊಳ್ಳಿ, ಹೊಸಬರು ಬಂದ್ರೆ ವಾಚ್‌ಮನ್ ಫೋನ್ ಮಾಡಿ ಕೇಳ್ತಾರೆ, ಎಂಟ್ರಿ ಮಾಡಿಸ್ತಾರೆ, ಆದ್ರೆ ದಿನಾ ಬರೋ ಪ್ಲಂಬರ್‌ಗೆ ಯಾರೂ ಏನೂ ಕೇಳಲ್ಲ. ನಮ್ಮ ರಕ್ತದಲ್ಲಿರೋ ಮೊನೋಸೈಟ್ ಅನ್ನೋ ಬಿಳಿ ರಕ್ತಕಣ ಆ ಪ್ಲಂಬರ್, ಅದಕ್ಕೆ ಮಿದುಳೊಳಗೆ ಹೋಗಿ ಬರೋ ಪರ್ಮಿಷನ್ ಇದೆ, ಎಚ್‌ಐವಿ ಅದರ ಹೊಟ್ಟೆಯೊಳಗೆ ಕೂತು ಒಳಗೆ ಹೋಗುತ್ತೆ. ಅದೂ ಎಷ್ಟು ಬೇಗ ಗೊತ್ತಾ? ಥಾಯ್ಲೆಂಡ್‌ನಲ್ಲಿ ಆಗಷ್ಟೇ ಸೋಂಕು ತಗುಲಿದವರ ಬೆನ್ನಿಂದ ನೀರು (ಮಿದುಳು, ಬೆನ್ನುಹುರಿ ಸುತ್ತ ಇರೋ ದ್ರವ) ತೆಗೆದು ಟೆಸ್ಟ್ ಮಾಡಿದಾಗ, ಸೋಂಕಾಗಿ ಸುಮಾರು 8 ದಿನಕ್ಕೇ ಅದರಲ್ಲಿ ವೈರಸ್ ಸಿಕ್ಕಿದೆ.

ಒಳಗೆ ಹೋದ್ಮೇಲೆ ಇನ್ನೊಂದು ಆಶ್ಚರ್ಯ. ನಾವು ಯೋಚನೆ ಮಾಡೋದು ನ್ಯೂರಾನ್‌ಗಳಿಂದ ಅಲ್ವಾ, ಎಚ್‌ಐವಿ ಅವನ್ನ ಹಿಡಿಯೋದೇ ಇಲ್ಲ. ಅದು ಸೇರ್ಕೊಳ್ಳೋದು ಮೈಕ್ರೋಗ್ಲಿಯಾ ಮತ್ತು ಮ್ಯಾಕ್ರೋಫೇಜ್ ಅನ್ನೋ ಕಾವಲು ಕಣಗಳಲ್ಲಿ. ಆ ಕಣಗಳು ಉರಿಯೂತದ ಕೆಮಿಕಲ್ಸ್ ಬಿಡ್ತಾ ಇರ್ತವೆ, ಜೊತೆಗೆ ವೈರಸ್‌ನ ಜಿಪಿ120, ಟ್ಯಾಟ್ ಅನ್ನೋ ಪ್ರೋಟೀನ್‌ಗಳು ಹೊರಗೆ ಬರ್ತವೆ, ಇವೆಲ್ಲಾ ಸೇರಿ ಪಕ್ಕದಲ್ಲಿರೋ ನ್ಯೂರಾನ್‌ಗಳ ಕೊಂಬೆಗಳನ್ನ ನಿಧಾನಕ್ಕೆ ಹಾಳು ಮಾಡ್ತವೆ.

ಈ ಟ್ಯಾಟ್ ಹತ್ರ ಸ್ವಲ್ಪ ನಿಲ್ಲಲೇಬೇಕು, ಯಾಕಂದ್ರೆ ಇದು ನಮ್ಮ ಬೆಂಗಳೂರಿನ ಕಥೆ. ಎಚ್‌ಐವಿಯಲ್ಲಿ ಸಬ್‌ಟೈಪ್ ಅಂತ ಬೇರೆ ಬೇರೆ ತಳಿಗಳಿವೆ, ಇಂಡಿಯಾದಲ್ಲಿ ಜಾಸ್ತಿ ಇರೋದು ಸಬ್‌ಟೈಪ್ ಸಿ, ಅಮೆರಿಕ ಯುರೋಪ್‌ನಲ್ಲಿ ಸಬ್‌ಟೈಪ್ ಬಿ. ಆ ಕಡೆ ಎಚ್‌ಐವಿಯಿಂದ ಬರೋ ತೀವ್ರ ಡಿಮೆನ್ಷಿಯಾ (ನೆನಪು, ಯೋಚನಾ ಶಕ್ತಿ ಕುಂದೋ ಕಾಯಿಲೆ) ಕೇಸುಗಳು ತುಂಬಾ ಇದ್ದ ಕಾಲದಲ್ಲಿ ಇಲ್ಲಿನ ನರರೋಗ ಡಾಕ್ಟರ್‌ಗಳಿಗೆ ಅದು ಕಾಣ್ತಿದ್ದದ್ದೇ ಕಮ್ಮಿ. ಯಾಕೆ? ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಉದಯಕುಮಾರ್ ರಂಗ ಅವರ ತಂಡ, ನಿಮ್ಹಾನ್ಸ್‌ನವರನ್ನೂ ಜೊತೆಗಿಟ್ಕೊಂಡು, 2004ರಲ್ಲಿ ಒಂದು ಪೇಪರ್ ತಂದ್ರು. ಟ್ಯಾಟ್ ಅಂದ್ರೆ ಸುಮಾರು 100 ಅಮೈನೋ ಆಸಿಡ್‌ಗಳ (ಪ್ರೋಟೀನ್ ಕಟ್ಟೋ ಇಟ್ಟಿಗೆಗಳ) ಸಣ್ಣ ಪ್ರೋಟೀನ್. ಸಬ್‌ಟೈಪ್ ಬಿನಲ್ಲಿ ಅದರ 30 ಮತ್ತೆ 31ನೇ ಜಾಗದಲ್ಲಿ ಸಿಸ್ಟೀನ್ ಅನ್ನೋ ಎರಡು ಅಮೈನೋ ಆಸಿಡ್ ಅಕ್ಕಪಕ್ಕ ಕೂತಿರ್ತವೆ, ನಮ್ಮ ದೇಹ ಬಿಳಿ ರಕ್ತಕಣಗಳನ್ನ ಕರೆಯೋಕೆ ಬಳಸೋ ಕೀಮೋಕೈನ್‌ಗಳಲ್ಲೂ ಇದೇ ಥರ ಜೋಡಿ ಇರುತ್ತೆ, ಹಾಗಾಗಿ ಆ ಟ್ಯಾಟ್ ಇನ್ನಷ್ಟು ಮೊನೋಸೈಟ್‌ಗಳನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ನಮ್ಮ ಸಬ್‌ಟೈಪ್ ಸಿನಲ್ಲಿ ಬಹುಪಾಲು 31ನೇ ಜಾಗದಲ್ಲಿ ಸಿಸ್ಟೀನ್ ಬದಲು ಸೀರಿನ್ ಅನ್ನೋ ಬೇರೆ ಅಮೈನೋ ಆಸಿಡ್! ಅಷ್ಟೇ ವ್ಯತ್ಯಾಸ, ಅಷ್ಟಕ್ಕೇ ಅದರ ಎಳೆಯೋ ಶಕ್ತಿ ಕುಸಿದುಹೋಗುತ್ತೆ. ಹೆಬ್ಬಾಳ ದಾಟಿದ್ರೆ ಸಿಗೋ ಒಂದು ಲ್ಯಾಬ್‌ನಲ್ಲಿ ಇದು ಗೊತ್ತಾಗಿದ್ದು ಅನ್ನೋದು ನನಗಂತೂ ಹೆಮ್ಮೆ, ಇದನ್ನ ಎಷ್ಟು ಜನರಿಗೆ ಹೇಳಿದ್ರೂ ಸಾಲಲ್ಲ.

ಹಾಗಂತ ನಾವು ಸೇಫ್ ಅಂತ ಅನ್ಕೋಬೇಡಿ. 2007ರಲ್ಲಿ ನಿಮ್ಹಾನ್ಸ್ ಕಡೆಯಿಂದ್ಲೇ ಬಂದ ಸ್ಟಡಿನಲ್ಲಿ, ಇನ್ನೂ ಎಆರ್‌ಟಿ (ಎಚ್‌ಐವಿ ತಡೆಯೋ ಮಾತ್ರೆ) ಶುರು ಮಾಡದ ದಕ್ಷಿಣ ಭಾರತದವರನ್ನ ಕೂರಿಸಿ ಟೆಸ್ಟ್ ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಕಲಿಕೆ, ನೆನಪಿನಂಥ ವಿಷಯಗಳಲ್ಲಿ ಸ್ವಲ್ಪ ಮಟ್ಟಿಗಾದ್ರೂ ತೊಂದ್ರೆ ಸಿಕ್ತು. ತೀವ್ರ ಡಿಮೆನ್ಷಿಯಾ ಕಮ್ಮಿ ಇರಬಹುದು, ಸಣ್ಣ ಮಂಕು ಬೇಕಾದಷ್ಟಿದೆ.

ಅದನ್ನ ಹೆಂಗ್ ಪತ್ತೆ ಹಚ್ಚೋದು? ಈಗ ನನ್ನ ಕೈ ನೋಡಿ. [ಕ್ಯಾಮೆರಾ ಕೈ ಮೇಲೆ] ಇಂಟರ್‌ನ್ಯಾಷನಲ್ ಎಚ್‌ಐವಿ ಡಿಮೆನ್ಷಿಯಾ ಸ್ಕೇಲ್ ಅಂತ 2005ರಲ್ಲಿ ಬಂದ ಟೆಸ್ಟ್ ಇದು. ಮೊದಲು ನಾಲ್ಕು ಪದ ಹೇಳ್ತಾರೆ, ನಾಯಿ, ಟೋಪಿ, ಬೀನ್ಸ್, ಕೆಂಪು. ಆಮೇಲೆ ಜಾಸ್ತಿ ಬಳಸದ ಕೈಯ ಹೆಬ್ಬೆರಳು ತೋರುಬೆರಳನ್ನ ದೊಡ್ಡದಾಗಿ ಬಿಚ್ಚಿ ಮುಚ್ಚಿ ಮಾಡ್ಬೇಕು, 5 ಸೆಕೆಂಡ್‌ನಲ್ಲಿ 15 ಸಲ ಆದ್ರೆ ಫುಲ್ ಮಾರ್ಕ್ಸ್. ಆಮೇಲೆ ಟೇಬಲ್ ಮೇಲೆ ಮುಷ್ಟಿ, ಅಂಗೈ ಚಪ್ಪಟೆ, ಕೈ ಅಡ್ಡ, ಈ ಕ್ರಮದಲ್ಲೇ 10 ಸೆಕೆಂಡ್. ಕೊನೆಗೆ ಆ ನಾಲ್ಕು ಪದ ಕೇಳ್ತಾರೆ. ಒಟ್ಟು 12 ಮಾರ್ಕ್ಸ್, 10 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಮುಂದಿನ ಪರೀಕ್ಷೆ, ಅಷ್ಟರಿಂದ್ಲೇ ಕಾಯಿಲೆ ಇದೆ ಅಂತಲ್ಲ. ಮಿದುಳಿನ ಟೆಸ್ಟ್‌ಗೆ ಬೆರಳು ಯಾಕೆ ಅಂದ್ರೆ ಎಚ್‌ಐವಿ ಜಾಸ್ತಿ ಕಾಡೋದು ಬೇಸಲ್ ಗ್ಯಾಂಗ್ಲಿಯಾ ಅನ್ನೋ ಒಳಭಾಗವನ್ನ, ಚಲನೆ ಮತ್ತು ವೇಗದ ಜಾಗ ಅದು. ಅದಕ್ಕೇ ಅಲ್ಝೈಮರ್ಸ್ ಥರ ನೆನಪು ಮೊದಲು ಹೋಗಲ್ಲ, ಕೆಲಸ ನಿಧಾನ ಆಗುತ್ತೆ. ಮನೆಯವರು ಇದನ್ನ ಸೋಮಾರಿತನ ಅಂತ ಬೈತಾರೆ, ಅದು ನನಗೆ ತುಂಬಾ ಬೇಜಾರಾಗೋ ವಿಷಯ.

ಟೈಮ್ ಆಗ್ತಿದೆ, ಉಳಿದಿದ್ದು ಬೇಗ ಹೇಳ್ತೀನಿ. ಇಂಡಿಯಾದಲ್ಲಿ 2004ರಿಂದ ಎಆರ್‌ಟಿ ಫ್ರೀ ಇದೆ, ಮಾತ್ರೆ ಸರಿಯಾಗಿ ತಗೊಳ್ಳೋರಲ್ಲಿ ತೀವ್ರ ಡಿಮೆನ್ಷಿಯಾ ಈಗ ಅಪರೂಪ. ಆದ್ರೆ ಚಿಕಿತ್ಸೆ ಲೇಟಾಗಿ ಶುರುವಾಗಿ ಸಿಡಿ4 ಒಂದ್ಸಲ ತುಂಬಾ ಕೆಳಗೆ ಹೋಗಿದ್ರೆ ಆವಾಗ ಆದ ಪೆಟ್ಟು ಉಳ್ಕೋಬಹುದು. ಆ ವೀಕ್ಷಕರ ಮಾವನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ, ವಯಸ್ಸು, ವೈರಸ್ ಎರಡೂ ಇರಬಹುದು, ಬೇರೇನೋ ಕೂಡ ಇರಬಹುದು: ಡಿಪ್ರೆಷನ್, ಥೈರಾಯ್ಡ್, ಬಿ12 ಕೊರತೆ, ಶುಗರ್, ಬಿಪಿ, ಕುಡಿತ, ಎಫಾವಿರೆನ್ಜ್ ಅನ್ನೋ ಹಳೇ ಎಚ್‌ಐವಿ ಮಾತ್ರೆ. ಇವುಗಳಲ್ಲಿ ಸುಮಾರಷ್ಟನ್ನ ಸರಿ ಮಾಡಬಹುದು, ಅದಕ್ಕೇ ಎಆರ್‌ಟಿ ಸೆಂಟರ್ ಡಾಕ್ಟರ್‌ಗೆ "ಲೆಕ್ಕ ನಿಧಾನ ಆಗಿದೆ" ಅಂತ ಬಾಯಿಬಿಟ್ಟು ಹೇಳಿ, ರಕ್ತದ ರಿಪೋರ್ಟ್‌ನಲ್ಲಿ ಅದು ಕಾಣಲ್ಲ. ತಲೆನೋವು, ಜ್ವರ, ಇದ್ದಕ್ಕಿದ್ದಂಗೆ ಗೊಂದಲ ಆದ್ರೆ ಕಾಯಬೇಡಿ, ಟಿಬಿ ಅಥವಾ ಕ್ರಿಪ್ಟೋಕಾಕಸ್ (ಒಂದು ಫಂಗಸ್) ಮೆನಿಂಜೈಟಿಸ್, ಅಂದ್ರೆ ಮಿದುಳಿನ ಪೊರೆಯ ಸೋಂಕು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ಇನ್ನೇನಾದ್ರೂ ಕೇಳ್ಬೇಕಿದ್ರೆ 1097ಕ್ಕೆ ಕಾಲ್ ಮಾಡಿ, ಟೋಲ್ ಫ್ರೀ.