ಗಿಟಾರಿನ ಒಡಲು: ಅಳತೆಯ ಜಾಗ, ಅಂಗೈಯ ಜಾಗ

ಸಭಿಕರೇ,

ಬೀಟೆ ಮರದ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಮೈಸೂರಿನಲ್ಲಿ ನಿಂತು ಮರ ಕೆತ್ತುವುದರ ಬಗ್ಗೆ ಉಪನ್ಯಾಸ ಕೊಡುವುದು ತುಸು ಅಧಿಕಪ್ರಸಂಗವೇ ಸರಿ. ಮರದ ಎಳೆ ಯಾವ ಕಡೆ ತಿರುಗುತ್ತದೆ ಎಂಬುದು ಇಲ್ಲಿ ಕುಳಿತಿರುವ ಹಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಕೈಚಳಕದ ಮಾತನ್ನು ಬದಿಗಿಟ್ಟು, ಎಲೆಕ್ಟ್ರಿಕ್ ಗಿಟಾರಿನ ಒಡಲನ್ನು ಮನೆಯಲ್ಲೇ ರೂಪಿಸುವಾಗ ಎಲ್ಲಿ ಕೆತ್ತಬೇಕು, ಎಲ್ಲಿ ಕೆತ್ತಬಾರದು, ಯಾವುದು ಮೊದಲು, ಯಾವುದು ಆಮೇಲೆ ಎಂಬಷ್ಟಕ್ಕೆ ಈ ಮಾತನ್ನು ಸೀಮಿತಗೊಳಿಸುತ್ತೇನೆ. ಆ ಒಡಲಿನಲ್ಲಿ ಎರಡು ಬಗೆಯ ಜಾಗಗಳಿವೆ. ಕುತ್ತಿಗೆ, ತಂತಿಗಳನ್ನು ಹೊರುವ ಕುದುರೆ, ತಂತಿಯ ಕಂಪನ ಗ್ರಹಿಸುವ ಪಿಕಪ್ ಕೂರುವ ಜಾಗ ಅಳತೆಯದು. ಅಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ವಾದ್ಯ ಸೊಟ್ಟಗಾಗುತ್ತದೆ. ನುಡಿಸುವವರ ಮೈ ತಾಗುವ ಜಾಗ ಅಂಗೈಯದು; ಅಲ್ಲಿ ಅಳತೆಪಟ್ಟಿಗೆ ಹೆಚ್ಚು ಕೆಲಸವಿಲ್ಲ. ಮೊದಲನೆಯದನ್ನು ಪೂರ್ತಿ ಮುಗಿಸಿಯೇ ಎರಡನೆಯದಕ್ಕೆ ಉಳಿ ಮುಟ್ಟಿಸಬೇಕೆಂಬುದು ನನ್ನ ವಾದ.

ವೀಣೆಯ ಕೊಡವನ್ನು ಟೊಳ್ಳು ಮಾಡುವುದು ನಾದಕ್ಕಾಗಿ. ತಂತಿಯ ಕಂಪನ ಕುದುರೆಯ ಮೂಲಕ ಮೇಲಿನ ಹಲಗೆಗೆ ಇಳಿದು, ಒಳಗಿನ ಗಾಳಿಯನ್ನೂ ಅಲುಗಿಸಿ ನಮ್ಮ ಕಿವಿಗೆ ಬರುತ್ತದೆ. ಆದ್ದರಿಂದ ಅಲ್ಲಿ ಹಲಗೆಯ ದಪ್ಪವೂ ಕೊಡದ ಆಕಾರವೂ ನಾದದ ಕೈಯಲ್ಲಿವೆ. ಗಟ್ಟಿ ಒಡಲಿನ ಎಲೆಕ್ಟ್ರಿಕ್ ಗಿಟಾರಿನಲ್ಲಾದರೋ ಉಕ್ಕಿನ ತಂತಿಯ ಅಲುಗಾಟವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದಾದ ಪಿಕಪ್ ನೇರವಾಗಿ ಗ್ರಹಿಸುತ್ತದೆ. ಹಾಗಾಗಿ ಒಡಲಿನ ಹೊರ ಆಕಾರ ಬಹುಮಟ್ಟಿಗೆ ಸ್ವತಂತ್ರ. ಯಾವ ಮರಕ್ಕೆ ಯಾವ ಧ್ವನಿ ಎಂಬ ಜಗಳ ವಾದಕರ ನಡುವೆ ಮುಗಿಯದೆ ನಡೆಯುತ್ತಲೇ ಇದೆ. ನಾನು ಅದಕ್ಕೆ ತಲೆ ಹಾಕುವುದಿಲ್ಲ. ಆದರೆ ತೂಕದ ಬಗ್ಗೆ ಜಗಳಕ್ಕೆ ಎಡೆಯಿಲ್ಲ. 45 ಮಿಲಿಮೀಟರ್ ದಪ್ಪದ ಹಲಗೆಯಿಂದ ಆಕಾರ ಕತ್ತರಿಸಿ, ಕುಳಿಗಳನ್ನೆಲ್ಲ ತೋಡಿದ ಮೇಲೆ ಉಳಿಯುವ ಮರವನ್ನು ಸುಮಾರು 4 ಲೀಟರ್ ಗಾತ್ರವೆಂದು ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ರೂಢಿಯಲ್ಲಿರುವ ಆಲ್ಡರ್ ಮರದಲ್ಲಿ ಅದು 2 ಕಿಲೋಗಿಂತ ಕಡಿಮೆ, ತೇಗದಲ್ಲಿ ಎರಡೂವರೆ ಕಿಲೋದಷ್ಟು, ಬೀಟೆಯಲ್ಲಿ 3 ಕಿಲೋ ದಾಟುತ್ತದೆ. ಇದರ ಮೇಲೆ ಕುತ್ತಿಗೆ ಮತ್ತು ಲೋಹದ ಭಾಗಗಳ ಭಾರ ಬೇರೆ. ನಮ್ಮೂರಿನ ಹೆಮ್ಮೆಯ ಮರವೆಂದು ಇಡೀ ಒಡಲನ್ನು ಬೀಟೆಯಲ್ಲಿ ಮಾಡುವ ಆಸೆ ಸಹಜವೇ. ಆದರೆ ಆ ಭಾರವನ್ನು ಗಂಟೆಗಟ್ಟಲೆ ಹೊರಬೇಕಾದ ಹೆಗಲನ್ನೂ ಒಂದು ಮಾತು ಕೇಳಬೇಕಾಗುತ್ತದೆ. ಕಾಫಿ ತೋಟಗಳ ಸಿಲ್ವರ್ ಓಕ್ ಅಥವಾ ಹಲಸಿನ ಒಡಲಿನ ಮೇಲೆ ಮೂರು ಮಿಲಿಮೀಟರ್ ಬೀಟೆಯ ಹೊದಿಕೆ ಅಂಟಿಸಿದರೆ ಅಂದವೂ ಸಿಗುತ್ತದೆ, ಹೆಗಲೂ ಉಳಿಯುತ್ತದೆ.

ಹಳೆಯ ಮನೆ ಕೆಡವಿದಾಗ ಸಿಗುವ ತೇಗದ ತೊಲೆಗಳು ಚೆನ್ನಾಗಿ ಒಣಗಿರುತ್ತವೆ ಎಂಬುದು ನಿಜ. ಅವುಗಳೊಳಗೆ ಮುರಿದ ಮೊಳೆಗಳಿರುವುದೂ ಅಷ್ಟೇ ನಿಜ; ಮರ ತೋಡುವ ಯಂತ್ರವಾದ ರೂಟರಿನ ತಿರುಗುವ ಅಲಗು, ಅಂದರೆ ಬಿಟ್, ಮೊಳೆಗೆ ತಾಗಿದರೆ ಬಿಟ್‌ಗಷ್ಟೇ ಅಲ್ಲ, ಕಣ್ಣಿಗೂ ಅಪಾಯ. ಬಲವಾದ ಅಯಸ್ಕಾಂತವನ್ನು ಮೊದಲು ಹಲಗೆಯ ಉದ್ದಕ್ಕೂ ಆಡಿಸಿ ನೋಡಿ. ತೇಗದಲ್ಲಿ ಎಣ್ಣೆಯಂಶವಿರುವುದರಿಂದ ಎರಡು ಹಲಗೆಗಳನ್ನು ಕೂಡಿಸಿ ಅಂಟಿಸುವ ಮುನ್ನ ಅಂಚುಗಳನ್ನು ಅಸಿಟೋನಿನಲ್ಲಿ ಒರೆಸಬೇಕು. ಬೀಟೆಯ ಧೂಳು ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗಿಬರುವುದಿಲ್ಲ. ಮಾಸ್ಕ್ ಇಲ್ಲದೆ ಅದನ್ನು ಉಜ್ಜಬಾರದು.

ಅಂಟಿಸಿದ ಕೂಡುಗೆರೆಯೇ ನಡುಗೆರೆಯಾದರೆ ಒಳ್ಳೆಯದು. ಆ ಗೆರೆಯನ್ನು ಮುಂದೆ, ಹಿಂದೆ, ಎರಡೂ ತುದಿಗಳಲ್ಲಿ ಎಳೆದು, ಕೆಲಸ ಮುಗಿಯುವವರೆಗೂ ಅಳಿಸದಂತೆ ಕಾಪಾಡಿಕೊಳ್ಳಬೇಕು, ಏಕೆಂದರೆ ಉಳಿದೆಲ್ಲ ಅಳತೆಗಳೂ ಅದರಿಂದಲೇ ಹುಟ್ಟುತ್ತವೆ. ಅಮೆರಿಕದ ಫೆಂಡರ್ ಕಂಪನಿಯ ಗಿಟಾರುಗಳ ಮಾದರಿಯಲ್ಲಿ ತಂತಿಯ ಮಿಡಿಯುವ ಉದ್ದ 648 ಮಿಲಿಮೀಟರ್. ಅದರ ಸರಿ ಅರ್ಧಕ್ಕೆ ಹನ್ನೆರಡನೆಯ ಫ್ರೆಟ್, ಅಂದರೆ ಕುತ್ತಿಗೆಯ ಮೇಲಿನ ಲೋಹದ ಮೆಟ್ಟು, ಬರುತ್ತದೆ. ಕುತ್ತಿಗೆ ಕೂರುವ ಕುಳಿ ಸುಮಾರು 56 ಮಿಲಿಮೀಟರ್ ಅಗಲ, 76 ಉದ್ದ, 16 ಆಳ. ಈ ಕುಳಿಯನ್ನು ತೋಡುವಾಗ ಕೈಯಂದಾಜು ಬೇಡವೇ ಬೇಡ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಅಚ್ಚು ಮಾಡಿಕೊಂಡು, ಬೇರಿಂಗ್ ಇರುವ ಬಿಟ್ಟಿನಿಂದ ಒಂದೊಂದು ಸುತ್ತಿನಲ್ಲಿ ನಾಲ್ಕೈದು ಮಿಲಿಮೀಟರಿಗಿಂತ ಹೆಚ್ಚು ಇಳಿಯದೆ ತೋಡಬೇಕು. ಸ್ಕ್ರೂ ಹಾಕದೆಯೇ ಕುತ್ತಿಗೆ ಹಿಡಿದೆತ್ತಿದಾಗ ಒಡಲು ಜೊತೆಗೇ ಎದ್ದು ಬಂದರೆ ಕುಳಿ ಸರಿಯಾಗಿದೆ ಎಂದರ್ಥ. ಪಿಕಪ್ ಮತ್ತು ವೈರುಗಳ ಕುಳಿಗಳ ವಿಷಯದಲ್ಲಿ, ತಳದಲ್ಲಿ ಆರು ಮಿಲಿಮೀಟರಾದರೂ ಮರ ಉಳಿದಿರಲಿ ಎಂದಷ್ಟೇ ಹೇಳಿದರೆ ಸಾಕು.

ಹೊರಗೆರೆಯನ್ನು ಜಿಗ್‌ಸಾ ಎಂಬ ಗರಗಸದಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಅಚ್ಚಿನ ಆಸರೆಯಲ್ಲಿ ರೂಟರಿಗೆ ಕೊಡಬೇಕು. ಕುತ್ತಿಗೆಯ ಇಕ್ಕೆಲಗಳಲ್ಲಿ ಚಾಚಿರುವ ಒಡಲಿನ ಕೊಂಬುಗಳ ತಿರುವಿನಲ್ಲಿ ಬಿಟ್ ಎಳೆಗೆ ಎದುರಾಗುತ್ತದೆ, ಮರ ಸೀಳಿ ಚಕ್ಕೆ ಏಳುವುದು ಅಲ್ಲಿಯೇ. ಆ ಭಾಗವನ್ನು ಯಂತ್ರಕ್ಕೆ ಒಪ್ಪಿಸದೆ ಅರದಿಂದ ಮುಗಿಸುವುದು ನನಗೆ ಮೆಚ್ಚು. ಅಂಚಿನ ದುಂಡನೆಯನ್ನೂ ಒಡಲು ಚಪ್ಪಟೆಯಾಗಿರುವಾಗಲೇ ತೆಗೆಯಬೇಕು. ಹಿಂಬದಿಯನ್ನು ತಗ್ಗಿಸಿದ ಮೇಲೆ ರೂಟರಿನ ತಳಕ್ಕೆ ನೆಲೆ ಸಿಗದೆ ಅದು ಓಲಾಡುತ್ತದೆ. ಕುತ್ತಿಗೆಯ ಕುಳಿಯ ಬಾಯಿಯಲ್ಲಿ ಮಾತ್ರ ಅಂಚನ್ನು ಚೌಕವಾಗಿಯೇ ಬಿಡಬೇಕು.

ಇನ್ನು ಅಂಗೈಯ ಕೆಲಸ. ಫೆಂಡರ್ ಕಂಪನಿಯ ಮೊದಲ ಗಟ್ಟಿ ಒಡಲಿನ ಗಿಟಾರು 1950ರ ಹೊತ್ತಿಗೆ ಬಂದಾಗ ಅದೊಂದು ಚಪ್ಪಟೆ ಹಲಗೆ. ಅಂಚು ಪಕ್ಕೆಲುಬಿಗೂ ಮುಂಗೈಗೂ ಒತ್ತುತ್ತದೆ ಎಂದು ವಾದಕರು ದೂರಿದರು. ಅದೇ ಕಂಪನಿಯ 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಹಿಂಬದಿ ಹೊಟ್ಟೆಯ ಕಡೆಗೂ ಮುಂಬದಿ ಮುಂಗೈಯ ಕಡೆಗೂ ಮರ ತೆಗೆಯಲಾಯಿತು. ರೇಡಿಯೋ ರಿಪೇರಿಯಿಂದ ಬಂದ ಲಿಯೋ ಫೆಂಡರ್ ಸ್ವತಃ ಗಿಟಾರ್ ನುಡಿಸುವವರಾಗಿರಲಿಲ್ಲ. ನುಡಿಸುವವರ ಮಾತಿಗೆ ಕಿವಿಗೊಟ್ಟರು ಎಂಬುದೇ ಅವರ ದೊಡ್ಡಗುಣ. ನೀವೂ ಹಾಗೆಯೇ, ಆ ವಾದ್ಯವನ್ನು ನುಡಿಸಲಿರುವವರನ್ನೇ ಕರೆದು, ಒರಟು ಒಡಲನ್ನು ತೊಡೆಯ ಮೇಲೆ ಇರಿಸಿ, ಅದು ಮೈಗೆ ತಾಗುವ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಬಹುದು. ಬೆನ್ನ ಮೇಲೆ ಒಂದು ಗೆರೆ, ಪಕ್ಕದ ಅಂಚಿನಲ್ಲಿ ಇನ್ನೊಂದು. ಈ ಎರಡರ ನಡುವಿನ ಮರವನ್ನು ಒರಟು ಹಲ್ಲಿನ ಮರದ ಅರದಿಂದ ಓರೆಯಾಗಿ ಇಳಿಸುತ್ತಾ ಬರಬೇಕು. ಅಂಚಿನಲ್ಲಿ 20 ಮಿಲಿಮೀಟರ್ ಇಳಿದರೆ ಸಾಕಷ್ಟಾಯಿತು. ಹಾಗೆ ಇಳಿಯುವ ಮುನ್ನ, ಅದರ ಹಿಂದೆ ಯಾವ ಕುಳಿಯಿದೆ, ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆದುಕೊಳ್ಳಿ.

1952ರಲ್ಲಿ ಬಂದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನ ಮಾದರಿಯ ಉಬ್ಬಿದ ಮುಂಬದಿ ಇದಕ್ಕಿಂತ ಕಷ್ಟದ್ದು. ಮಹಾಗನಿ ಒಡಲಿನ ಮೇಲೆ ಅಂಟಿಸಿದ ಮೇಪಲ್ ಹಲಗೆಯನ್ನು ನಡುವೆ ಎತ್ತರವಾಗಿ, ಅಂಚಿನ ಕಡೆ ತಗ್ಗಾಗಿ ಇಳಿಸುವ ರೂಪ ಅದು. ರೂಟರಿನಿಂದ ಮೊದಲು ಒಂದೂವರೆ ಮಿಲಿಮೀಟರ್ ಎತ್ತರದ ಮೆಟ್ಟಿಲುಗಳನ್ನು ಬೆಟ್ಟದ ಬದಿಯ ಗದ್ದೆಗಳಂತೆ ಅಂಚಿನಿಂದ ಒಳಕ್ಕೆ ಕಡಿದುಕೊಂಡು, ಆಮೇಲೆ ಆ ಮೆಟ್ಟಿಲುಗಳ ಮೂಲೆಗಳನ್ನಷ್ಟೇ ಸಣ್ಣ ಉಜ್ಜುಗೊರಡಿನಿಂದ ತೆಗೆಯುತ್ತಾ ಹೋಗಬೇಕು. ಮೆಟ್ಟಿಲಿನ ಒಳಮೂಲೆ ಮಾಯವಾಗುವ ಕ್ಷಣಕ್ಕೆ ಗೊರಡನ್ನು ಕೆಳಗಿಟ್ಟು ಹೆರೆಯುವ ತಗಡು ಹಿಡಿಯಬೇಕು. ಕೋಣೆ ಕತ್ತಲು ಮಾಡಿ, ಒಂದು ದೀಪವನ್ನು ಒಡಲಿನ ಮಟ್ಟಕ್ಕೆ ಪಕ್ಕದಲ್ಲಿ ಹಿಡಿದರೆ ಹಗಲಿನಲ್ಲಿ ಕಾಣದ ದಿಣ್ಣೆಗಳು ನೆರಳಾಗಿ ಎದ್ದು ತೋರುತ್ತವೆ; ಅವುಗಳ ಮೇಲೆ ಪೆನ್ಸಿಲ್ ಗೀಚಿ, ಗೀಚು ಅಳಿಯುವಷ್ಟು ಮಾತ್ರ ಹೆರೆಯಿರಿ. ಈ ರೂಪದಲ್ಲಿ ಕುದುರೆ ಎತ್ತರಕ್ಕೆ ಹೋಗುವುದರಿಂದ ಕುತ್ತಿಗೆಯನ್ನು ನಾಲ್ಕು ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಬೇಕಾಗುತ್ತದೆ, ಆ ವಾಲನ್ನು ಕೆತ್ತನೆಗೆ ಮೊದಲೇ ಲೆಕ್ಕ ಹಾಕಿರಬೇಕು. ಮೊದಲ ಗಿಟಾರಿಗೆ ಈ ಉಬ್ಬನ್ನು ಆರಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ.

ಉಪ್ಪುಕಾಗದವನ್ನು ಒರಟಾದ 80ನೇ ನಂಬರಿನಿಂದ ನಯವಾದ 220ರವರೆಗೆ ದಾಟಿದ ಮೇಲೂ ಪಾಲಿಶಿಗೆ ಅವಸರ ಪಡದೆ, ಬರಿಯ ಮರದ ಮೇಲೆಯೇ ಒಮ್ಮೆ ಕುತ್ತಿಗೆ, ಕುದುರೆ ಕೂರಿಸಿ, ತಂತಿ ಕಟ್ಟಿ, ಹೆಗಲಿಗೆ ಪಟ್ಟಿ ಹಾಕಿ ನಿಂತು ನುಡಿಸಿ ನೋಡಬೇಕು. ಕೈ ಬಿಟ್ಟಾಗ ಕುತ್ತಿಗೆ ನೆಲದ ಕಡೆ ಬಾಗಿದರೆ, ಮೇಲಿನ ಕೊಂಬಿನ ಪಟ್ಟಿಗುಂಡಿ ಹನ್ನೆರಡನೆಯ ಫ್ರೆಟ್ಟಿನ ಹತ್ತಿರಕ್ಕೆ ತಲುಪಿಲ್ಲ ಎಂದು ಸಾಮಾನ್ಯವಾಗಿ ತಿಳಿಯಬಹುದು. ಆ ಗುಂಡಿಯನ್ನು ಕೊಂಬಿನ ತುತ್ತತುದಿಗೆ ಸರಿಸಲು, ಇಲ್ಲವೇ ಕುತ್ತಿಗೆಯ ತಲೆಯಲ್ಲಿ ಹಗುರವಾದ ಬಿರಡೆಗಳನ್ನು ಹಾಕಲು ಆಗ ಇನ್ನೂ ಅವಕಾಶವಿರುತ್ತದೆ.