ಲಾಲ್‌ಬಾಗಿನ ಗುಂಬಜ್

ಕೇಳುಗರೇ, ನಮಸ್ಕಾರ. ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮುಗಿಸಿ ಗಂಜಾಂ ಕಡೆಯಿಂದ ಸಂಗಮಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಲಾಲ್‌ಬಾಗ್ ತೋಟದ ಗುಂಬಜ್‌ಗೆ, ಅಂದರೆ ಹೈದರಾಲಿ, ಟಿಪ್ಪು ಇಬ್ಬರ ಗೋರಿಗಳಿರುವ ಗುಮ್ಮಟದ ಕಟ್ಟಡಕ್ಕೆ ಹೊಕ್ಕು, ಮೂರು ಗೋರಿ ನೋಡಿ ಹೊರಟುಬಿಡುತ್ತಾರೆ. ಅಷ್ಟು ಅವಸರ ಬೇಡ ಅಂತ ಕೇಳಿಕೊಳ್ಳುವುದೇ ನನ್ನ ಇವತ್ತಿನ ಮಾತು.

ಹೈದರಾಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ, ದಂಡಿನಲ್ಲಿದ್ದಾಗಲೇ ತೀರಿಕೊಂಡ. ದೇಹವನ್ನು ಮೊದಲು ಕೋಲಾರಕ್ಕೆ ಒಯ್ದು, ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ಟಿಪ್ಪು ಈ ಗುಂಬಜ್ ಕಟ್ಟಿಸಿದ್ದು ಅಪ್ಪನಿಗಾಗಿ. ನಡುವಿನ ಗೋರಿ ಹೈದರನದು, ಪಕ್ಕದಲ್ಲಿ ಟಿಪ್ಪುವಿನ ತಾಯಿಯದು. 1799ರ ಮೇ 4ರಂದು ಕೋಟೆ ಬಿತ್ತು. ಮಾರನೆಯ ದಿನ ಟಿಪ್ಪುವನ್ನೂ ಇಲ್ಲಿಗೇ ತಂದರು. ಆ ಸಂಜೆ ಎಂಥಾ ಗುಡುಗು, ಮಳೆ! ಸಿಡಿಲು ಬಡಿದು ತಮ್ಮ ದಂಡಿನಲ್ಲೂ ಜೀವ ಹೋಯಿತು ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ.

ಒಳಗೆ ಹೋಗುವ ಮೊದಲು ಮೊಗಸಾಲೆಯಲ್ಲಿ ಒಂದು ಸುತ್ತು ಹಾಕಿ. ಕರಿಕಲ್ಲಿನ 36 ಕಂಬಗಳಿವೆ. ಎಷ್ಟು ನುಣುಪು ಅಂದರೆ, ಹತ್ತಿರ ನಿಂತರೆ ಎದುರಿನ ಬೆಳಕೆಲ್ಲ ಕಂಬದ ಮೇಲೆ ಕಾಣುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಕೈಯಿಂದಲೇ ಉಜ್ಜಿ ಉಜ್ಜಿ ತಂದ ಹೊಳಪು ಅದು. ನನಗಂತೂ ಮೇಲಿನ ಗುಮ್ಮಟಕ್ಕಿಂತ ಈ ಕಂಬಗಳೇ ಜಾಸ್ತಿ ಇಷ್ಟ. ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರ. ಒಳಗೋಡೆ ತುಂಬ ಹುಲಿಪಟ್ಟೆ. ದಂತ ಕೂರಿಸಿದ ಬೀಟೆ ಮರದ ಬಾಗಿಲು ಮಾತ್ರ ಟಿಪ್ಪು ಕಾಲದ್ದಲ್ಲ, ಆಮೇಲೆ ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಕೊಟ್ಟದ್ದು. ಹೊರಗಿನ ಜಗಲಿಯ ಮೇಲೂ ಸಾಲು ಗೋರಿಗಳಿವೆ. ಬಂಧುಗಳು, ದಂಡಿನ ಸರದಾರರು ಅಲ್ಲಿದ್ದಾರೆ. ದಯವಿಟ್ಟು ಅವುಗಳ ಮೇಲೆ ಕೂರಬೇಡಿ.

ಅಲ್ಲೇ ಹತ್ತಿರ ಇನ್ನೊಂದು ಕಟ್ಟಡವಿದೆ, ಯಾರೂ ನಿಲ್ಲುವುದಿಲ್ಲ. ಅದು ಕರ್ನಲ್ ಬೇಲಿಯ ನೆನಪಿನದು. 1780ರಲ್ಲಿ ಕಂಚಿ ಹತ್ತಿರದ ಪೊಲ್ಲಿಲೂರಿನ ಕಾಳಗದಲ್ಲಿ ಹೈದರ್, ಟಿಪ್ಪು ಇಬ್ಬರ ಕೈಲೂ ಸೋತು ಸೆರೆಯಾದ ಇಂಗ್ಲಿಷ್ ಸೇನಾನಿ ಅವನು. ಪಟ್ಟಣದ ಸೆರೆಯಲ್ಲೇ 1782ರಲ್ಲಿ ಸತ್ತ. 1816ರಲ್ಲಿ ಅವನ ಸಂಬಂಧಿಕನೊಬ್ಬ ಇದನ್ನು ಕಟ್ಟಿಸಿದ. ಗೆದ್ದವರೂ ಸೋತವನೂ ಒಂದೇ ತೋಟದಲ್ಲಿ! ಪಟ್ಟಣದ ಕಥೆ ಇಷ್ಟು ಹತ್ತಿರದಿಂದ ಬೇರೆಲ್ಲೂ ಸಿಗುವುದಿಲ್ಲ.

ಹಾಗಾಗಿ ಮೊದಲು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿ. ಪಡುವಣ ಗೋಡೆಯ ಮೇಲೆ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರವಿದೆ. ಅದರಲ್ಲಿ ಪಲ್ಲಕ್ಕಿಯಲ್ಲಿ ಕೂತ ಬೇಲಿಯನ್ನು ಹುಡುಕಿ. ಮಕ್ಕಳಿಗೂ ತೋರಿಸಿ. ಅದೇ ದಾರಿಯಲ್ಲಿ ಮುಂದೆ ಬಂದರೆ ಗುಂಬಜ್.